ಹಿಂದಿನ ನಾಯಿ ಏನಾಯ್ತು

ಮಾರ್ಚ್ 3, ಸೋಮವಾರ

ನೂಲಿನ ಕಂಪನಿಯವರು ಹೊಸ ವರ್ಷಕ್ಕೆ ಬಿಟ್ಟಿ ಕೊಟ್ಟ ಡೈರಿ ಹೊಲಿಗೆ ಮೆಷಿನ್ನಿನ ಕೆಳಗೆ ಧೂಳು ತಿನ್ನುತ್ತಾ ಬಿದ್ದಿತ್ತು. ಇವತ್ತು ತೆಗೆದೆ. ಮನೆಯಲ್ಲಿ ಮಾತಾಡುವವರು ಇಲ್ಲದಿದ್ದರೆ ಮನುಷ್ಯ ಗೋಡೆಯ ಹತ್ತಿರ ಮಾತಾಡಬೇಕು, ಇಲ್ಲವೇ ಬರೆಯಬೇಕು. ಬರೆಯುವುದೇ ವಾಸಿ, ಪಕ್ಕದ ಮನೆಯವರಿಗೆ ಕೇಳಿಸುವುದಿಲ್ಲ.

ಅಣ್ಣ ಮಾತು ಬಿಟ್ಟಿದ್ದಾನೆ. ಜಗಳವಾಡಿ ಬಿಟ್ಟಿದ್ದರೆ ನಾನೇ ಸೋತು ಮಾತಾಡಿಸುತ್ತಿದ್ದೆ. ಇದು ಜಗಳವಲ್ಲ. ಅವನ ನಾಯಿ ಮೋಟ ಕಳೆದುಹೋದಾಗಿನಿಂದ ಹೀಗಿದ್ದಾನೆ. ಮೋಟನಿಗೆ ಬಾಲ ತುಂಡು, ಕಾಲು ಗಿಡ್ಡ, ಮೈತುಂಬ ಕೂದಲು. ಯಾವ ತಳಿಗೆ ಯಾವ ತಳಿ ಸೇರಿ ಹುಟ್ಟಿತೋ ಅದಕ್ಕೇ ಗೊತ್ತಿರಲಿಲ್ಲ. ಒಂದು ಸಂಜೆ ಅದನ್ನು ತಿರುಗಾಡಿಸಲು ಕರೆದುಕೊಂಡು ಹೋದ ಅಣ್ಣ ಬರಿಗೈಲಿ ವಾಪಸು ಬಂದ. "ಬೆಲ್ಟ್ ಕಿತ್ಕೊಂಡು ಓಡ್ತು" ಅಂದ. ಇಬ್ಬರೂ ಮನೆಯ ಸುತ್ತಿನ ಬೀದಿ ಬೀದಿ ಅಲೆದೆವು, ಕಂಬ ಕಂಬಕ್ಕೂ ಫೋಟೊ ಅಂಟಿಸಿದೆವು. ಸಿಗಲಿಲ್ಲ.

ನನಗೆ ನಾಯಿ ಅಂದರೆ ಆಗುವುದಿಲ್ಲ. ರೆಡಿಮೇಡ್ ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ ಕೂತು ಜನರ ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಗಿ ಮಾಡುವುದು ನನ್ನ ಕೆಲಸ. ಮುಗಿಯದ್ದನ್ನು ಮನೆಗೆ ತಂದರೆ ಅದರ ತುಂಬ ಮೋಟನ ಕೂದಲು. ಗಿರಾಕಿಗಳಿಂದ ಬೈಸಿಕೊಂಡದ್ದೂ ಉಂಟು. ಆ ಪ್ರಾಣಿ ಹೋದಾಗ ಬೇಜಾರಾಯಿತೇ ಅಂದರೆ, ಅಣ್ಣನಿಗಾಗಿ ಆಯಿತು.

ಅಣ್ಣನಿಗೆ ಎರಡು ಬೀದಿ ಆಚೆ ಒಂದೇ ಕುರ್ಚಿಯ ಕ್ಷೌರದಂಗಡಿ. ಈಗ ಮನಸ್ಸು ಬಂದರೆ ಬಾಗಿಲು ತೆರೆಯುತ್ತಾನೆ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿರುವುದು ನಾವಿಬ್ಬರೇ. ಅವನು ಮದುವೆಯಾಗಲಿಲ್ಲ. ನಾನು ಆಗಿ, ಆರು ತಿಂಗಳಲ್ಲಿ ಗಂಟು ಕಟ್ಟಿಕೊಂಡು ವಾಪಸು ಬಂದೆ. ಅವತ್ತು ಅವನು ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಕರೆದ.

ಇವತ್ತು ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ ಬಾಯಿ ಬಿಟ್ಟ.

"ಸೂಜಿ, ಅಂಥದ್ದೇ ಒಂದು ಮರಿ ತರೋಣ್ವಾ?"

ಸೂಜಿ ಅಂದರೆ ನಾನು. ನನ್ನ ನಾಲಿಗೆ ನೋಡಿ ಚಿಕ್ಕಂದಿನಲ್ಲಿ ಅವನೇ ಇಟ್ಟ ಹೆಸರು. ಕಸುಬು ಆಮೇಲೆ ಬಂದು ಹೆಸರಿಗೆ ಸರಿಹೋಯಿತು.

"ತರೋಣ" ಅಂದುಬಿಟ್ಟೆ. ಅವನು ಇನ್ನೊಂದು ಸಲ ಬಡಿಸಿಕೊಂಡು ತಿಂದ. ಒಂದು ಮರಿಯಿಂದ ಅಣ್ಣ ಮೊದಲಿನ ಹಾಗೆ ಆಗುವುದಾದರೆ ಕೂದಲು ಹಾಳಾಗಲಿ, ಜೀವನಪೂರ್ತಿ ಗುಡಿಸುತ್ತೇನೆ.

ಮಾರ್ಚ್ 6, ಗುರುವಾರ

ಮೋಟನಿಗೆ ಚುಚ್ಚುಮದ್ದು ಹಾಕುತ್ತಿದ್ದ ನಾಯಿ ಡಾಕ್ಟರಮ್ಮನನ್ನು ಕೇಳಿ ಬಂದೆ. ಸಣ್ಣ ಮಿಶ್ರ ತಳಿಗೆ ಈಗ ಎಲ್ಲಿಲ್ಲದ ಬೇಡಿಕೆಯಂತೆ. ಎರಡು ತಳಿಗಳ ಹೆಸರನ್ನು ಅರ್ಧರ್ಧ ಕತ್ತರಿಸಿ ಜೋಡಿಸಿ ಹೊಸ ಹೆಸರಿಟ್ಟು ಮಾರುತ್ತಾರಂತೆ. ಹೆಣ್ಣು ನಾಯಿಗಳನ್ನು ಗೂಡುಗಳಲ್ಲಿ ಕೂಡಿಹಾಕಿ, ಒಂದು ಸೂಲು ಮುಗಿಯುವುದರೊಳಗೆ ಇನ್ನೊಂದಕ್ಕೆ ತಯಾರು ಮಾಡುವವರೇ ಹೆಚ್ಚಂತೆ. ಅಂಥ ಕಡೆಯ ಮರಿ ಮನೆಗೆ ಬಂದ ವಾರಕ್ಕೇ ಸಾಯುತ್ತದೆ ಅಂದರು. ಮೋಟ ಕಳೆದುಹೋದ ಮೇಲೆ ಅಣ್ಣನಿಗೆ ಒಂದು ಸಾವನ್ನೂ ತೋರಿಸಲು ನನ್ನಿಂದಾಗದು.

"ತಾಯಿನ ತೋರ್ಸಿ ಅನ್ನಿ. ತೋರ್ಸದಿದ್ರೆ ಎದ್ದು ಬನ್ನಿ" ಅಂದರು. "ಎಂಟು ವಾರ ತುಂಬದ ಮರಿ ಕೊಡ್ತೀನಿ ಅಂದ್ರೂ ಎದ್ದು ಬನ್ನಿ. ಇನ್ನೊಂದು ವಿಷ್ಯ. ಸರಿಯಾದವರು ನಿಮ್ಮನ್ನೇ ಪ್ರಶ್ನೆ ಕೇಳ್ತಾರೆ. ಏನೂ ಕೇಳದೆ ಕೊಡೋರು ಸರಕು ಮಾರೋರು, ಅಷ್ಟೆ."

ನನ್ನ ಮದುವೆಗೆ ಮುಂಚೆ ಯಾರಾದರೂ ಇಷ್ಟು ಬುದ್ಧಿ ಹೇಳಿದ್ದರೆ ಚೆನ್ನಾಗಿತ್ತು.

ಮಾರ್ಚ್ 9, ಭಾನುವಾರ

ಮೊದಲನೆಯವನನ್ನು ನೋಡಿದ್ದಾಯಿತು. ಮೂರನೇ ಮಹಡಿಯ ಮನೆ, ಬೆರಳಿಗೆರಡು ಉಂಗುರ, ಮಾತು ಜೇನು. ಮರಿಗಳನ್ನು ಬಚ್ಚಲುಮನೆಯಲ್ಲಿ ಇಟ್ಟಿದ್ದ.

"ತಾಯಿ ಎಲ್ಲಿ?" ಅಂದೆ.

"ತಾಯಿ ಇಲ್ಲಿಲ್ಲ. ನೆಂಟರ ಮನೆಗೆ ಹೋಗಿದೆ."

"ಹಾಲು ಕುಡಿಯೋ ಮರಿ ಬಿಟ್ಟು ನೆಂಟರ ಮನೆಗೆ ಹೋಗಿದ್ಯಾ?"

"ಅದಕ್ಕೂ ಒಂದು ಬದಲಾವಣೆ ಬೇಕಲ್ವಾ ಮೇಡಂ."

ಎದ್ದೆ. ಅಣ್ಣ ಏಳಲಿಲ್ಲ. ಕಣ್ಣಲ್ಲಿ ಪಿಸುರು ತುಂಬಿದ ಒಂದು ಮರಿಯನ್ನು ಎದೆಗೆ ಅವುಚಿಕೊಂಡು ಕೂತಿದ್ದ. ಬಿಡಿಸಿ ಕೆಳಗಿಡಬೇಕಾದರೆ ಸಾಕುಸಾಕಾಯಿತು. ಮೆಟ್ಟಿಲು ಇಳಿಯುವಾಗ ಮುನಿಸಿಕೊಂಡು ನನಗಿಂತ ಮುಂದೆ ಹೋದ, ರಸ್ತೆಗೆ ಬಂದವನು ಬಸ್ ಸ್ಟಾಪಿನ ಎದುರು ದಿಕ್ಕಿಗೆ ನಡೆದ. ಕೂಗಿ ಕರೆಯಬೇಕಾಯಿತು. ಸಿಟ್ಟು ಬಂದರೆ ಅವನಿಗೆ ಎಡ ಯಾವುದು ಬಲ ಯಾವುದು ತಿಳಿಯುವುದಿಲ್ಲ.

ಮಾರ್ಚ್ 13, ಗುರುವಾರ

ಅಣ್ಣನ ಅಂಗಡಿ ಪಕ್ಕ ಚಪ್ಪಲಿ ಹೊಲಿಯುವವನು ದಾರಿಯಲ್ಲಿ ನಿಲ್ಲಿಸಿದ.

"ಅಕ್ಕ, ಒಂದು ಮಾತು. ನಿನ್ನೆ ನಿಮ್ಮಣ್ಣ ಆ ಬ್ಯಾಂಕಿನೋರಿಗೆ ಗಡ್ಡ ಮಾಡಿದ್ರು. ಮುಖ ಒರ್ಸಿ ಪೌಡರ್ ಹಾಕಿದ್ರು. ಆಮೇಲೆ ಮತ್ತೆ ನೊರೆ ಹಚ್ಚೋಕೆ ಶುರು ಮಾಡಿದ್ರು."

"ಒಳ್ಳೇದಾಯ್ತಲ್ಲ, ಒಂದಕ್ಕೆ ಒಂದು ಫ್ರೀ" ಅಂದು ನಕ್ಕೆ.

ಅವನು ನಗಲಿಲ್ಲ. "ಬೇಜಾರಲ್ಲಿದ್ದಾರೆ, ಪಾಪ" ಅಂತ ಕೆರ ಕೈಗೆತ್ತಿಕೊಂಡ. ಬೇಜಾರೇ. ಬೇಗ ಮರಿ ಹುಡುಕಬೇಕು. ಅಣ್ಣನ ಪ್ಯಾಂಟಿನ ಸೊಂಟ ಸಡಿಲವಾಗಿತ್ತು, ಒಳಗೆ ಹಿಡಿದು ಹೊಲಿದೆ. ಇದು ಎರಡನೇ ಸಲ.

ಮಾರ್ಚ್ 16, ಭಾನುವಾರ

ಇವತ್ತು ಅದೃಷ್ಟ ಖುಲಾಯಿಸಿತು ಅನ್ನಿಸುತ್ತಿದೆ. ಊರಾಚೆಯ ತೋಟದ ಮನೆ, ಗಂಡ ಹೆಂಡತಿ ಇಬ್ಬರೂ ಮರ್ಯಾದಸ್ಥರ ಹಾಗೆ ಕಂಡರು. "ತಾಯಿನ ತೋರ್ಸಿ" ಅಂದದ್ದೇ ತಡ, ಹೆಂಡತಿ ಒಳಗೆ ಹೋಗಿ ಕರೆತಂದಳು. ಕಂದು ಬಣ್ಣ, ಉದ್ದ ಕಿವಿ, ಸಾಧು ಪ್ರಾಣಿ. ಬಂದದ್ದೇ ಅಣ್ಣನ ತೊಡೆಯ ಮೇಲೆ ತಲೆ ಇಟ್ಟಿತು. ಅಣ್ಣ ಅದರ ಕಿವಿಯ ಗಂಟುಗಳನ್ನು ಒಂದೊಂದಾಗಿ ಬೆರಳಲ್ಲೇ ಬಿಡಿಸುತ್ತಾ ಕೂತ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು ನೋಡಿದೆ.

ಅದು ಹೊಟ್ಟೆ ಮೇಲೆ ಮಾಡಿ ಮಲಗಿದಾಗ ಆಪರೇಷನ್ನಿನ ಗಾಯ ಕಂಡಿತು. ಯಾವನೋ ಅವಸರಗಾರ ಹೊಲಿದದ್ದು. ನಡುವೆ ಒಂದು ಕಡೆ ಚರ್ಮ ಮಡಿಕೆಯಾಗಿ ಸಿಕ್ಕಿಕೊಂಡಿದೆ, ಅಲ್ಲಿಂದ ಮುಂದೆ ಹೊಲಿಗೆ ಓರೆ. ಪ್ಯಾಂಟಾಗಿದ್ದರೆ ನಾನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. "ಮರಿ ಹಾಕೋವಾಗ ಕಷ್ಟ ಆಯ್ತು" ಅಂದಳು ಆಕೆ. ಪಾಪ ಅನ್ನಿಸಿತು. ನನಗೆ ನಾಯಿಯ ಮೇಲೆ ಪಾಪ ಅನ್ನಿಸಿದ್ದು ಇದೇ ಮೊದಲಿರಬೇಕು.

ಮರಿಯನ್ನು ಡಾಕ್ಟರಮ್ಮನಿಗೆ ಒಮ್ಮೆ ತೋರಿಸಿ ಆಮೇಲೆ ಒಯ್ಯುತ್ತೇವೆ ಅಂದೆ. ಅಣ್ಣನಿಗೆ ಸಮಾಧಾನವಿಲ್ಲ. ಬಸ್ಸಿನುದ್ದಕ್ಕೂ "ಇವತ್ತೇ ತರಬಹುದಿತ್ತು" ಅಂತ ಅದೇ ಮಾತು. ನಾನು ಉತ್ತರ ಹೇಳಿದ ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಮಕ್ಕಳಿಗಿಂತ ಕಡೆ.

ಮಾರ್ಚ್ 19, ಬುಧವಾರ

ತೋಟದ ಮನೆಯವರು ಫೋನ್ ಮಾಡಿದ್ದರು. ಮರಿ ಬೇರೆಯವರು ಒಯ್ದರಂತೆ. ಡಾಕ್ಟರಿಗೆ ತೋರಿಸುವ ಮಾತೆತ್ತಿದ ಮೇಲೆ ಹೀಗಾಯಿತು. ಅಣ್ಣನಿಗೆ ಹೇಳಲು ಬಾಯಿ ಬರಲಿಲ್ಲ. ಅವನೂ ಕೇಳಲಿಲ್ಲ.

ಮಾರ್ಚ್ 23, ಭಾನುವಾರ

ಇವತ್ತು ನಡೆದದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ.

ಪಟ್ಟಣದ ಇನ್ನೊಂದು ತುದಿ. ಕಾರಿನ ಸೀಟು ಹೊಲಿಯುವ ಶೆಡ್ಡಿನ ಹಿಂದೆ ಮನೆ. ಆರು ಮರಿ. "ತಾಯಿನ ತೋರ್ಸಿ" ಅಂದೆ. ಆ ಮನುಷ್ಯ ಫೋನಿನಲ್ಲಿ ಯಾರಿಗೋ ಏನೋ ಹೇಳಿದ. ನಮಗೆ ಕುಡಿಯಲು ನೀರು ಕೊಟ್ಟ. ಬಹಳ ಹೊತ್ತಿನ ಮೇಲೆ ಹಿಂಬಾಗಿಲಿನಿಂದ ತಾಯಿಯನ್ನು ಕರೆತಂದರು. ಕಂದು ಬಣ್ಣ, ಉದ್ದ ಕಿವಿ.

ನಾಯಿ ನೇರ ಅಣ್ಣನ ಹತ್ತಿರ ಓಡಿತು. ಬಾಲ ಅಲ್ಲಾಡಿಸಿ, ಕೈ ನೆಕ್ಕಿ, ಕುಣಿದು, ಅವನ ತೊಡೆಯ ಮೇಲೆ ತಲೆ ಇಟ್ಟು ಮಲಗಿತು. ಹೊಟ್ಟೆ ನೋಡಿದೆ. ಅದೇ ಮಡಿಕೆ, ಅದೇ ಓರೆ ಹೊಲಿಗೆ. ಹೊಲಿಗೆ ಒಂದು ಸಲ ನೋಡಿದರೆ ನಾನು ಮರೆಯುವುದಿಲ್ಲ.

"ಈ ತಾಯಿ ಹೋದ ವಾರ ಊರಾಚೆ ಬೇರೆ ಮರಿಗಳಿಗೆ ತಾಯಿಯಾಗಿತ್ತಲ್ಲ" ಅಂದೆ.

ಅವನ ಮುಖ ಕಪ್ಪಿಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, "ನಾವು ಬಾಡಿಗೆ ಗೀಡಿಗೆಗೆ ತರೋರಲ್ಲ" ಅಂದ. ನಾನು ಬಾಡಿಗೆ ಅನ್ನುವ ಪದವನ್ನೇ ಎತ್ತಿರಲಿಲ್ಲ. ತಾಯಿ ತೋರಿಸಿ ಅನ್ನುವ ಗಿರಾಕಿಗಳು ಹೆಚ್ಚಾದ ಮೇಲೆ ಇವರೆಲ್ಲ ಸೇರಿ ಒಂದು ಸಾಧು ನಾಯಿಯನ್ನು ಮನೆಯಿಂದ ಮನೆಗೆ ಸಾಗಿಸುತ್ತಿದ್ದಾರೆ. ನಿಜವಾದ ತಾಯಂದಿರು ಯಾವ ಗೂಡಿನಲ್ಲಿ ಇದ್ದಾವೋ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವಳು ನಾನು ಅಂತ ತಿಳಿದಿದ್ದರು.

ಸಿಟ್ಟಿನಲ್ಲಿ ಹೊರಗೆ ಬಂದೆ. ಅಣ್ಣ ಹಿಂದೆ ಬಂದ.

"ಎಷ್ಟು ಚಂದದ ತಾಯಿ. ಇಂಥ ಸಾಧು ನಾಯಿನ ನಾನು ನೋಡೇ ಇರ್ಲಿಲ್ಲ" ಅಂದ.

"ಹೋದ ಭಾನುವಾರ ಅರ್ಧ ಗಂಟೆ ಅದರ ಕಿವಿ ಬಾಚಿದೆಯಲ್ಲೋ."

"ನಾನಾ?" ಅಂದ.

ನಾಯಿಗೆ ಇವನ ಗುರುತು ಸಿಕ್ಕಿತು, ಇವನಿಗೆ ನಾಯಿಯ ಗುರುತು ಸಿಗಲಿಲ್ಲ. ದುಃಖ ಇರಬೇಕು, ಇಷ್ಟು ಮಂಕಾಗುವಷ್ಟಾ? ಬಸ್ಸಿನಲ್ಲಿ ಅವನ ಜೊತೆ ಮಾತಾಡಲಿಲ್ಲ.

ಮಾರ್ಚ್ 27, ಗುರುವಾರ

ಡಾಕ್ಟರಮ್ಮ ಬಾಡಿಗೆ ತಾಯಿಯ ಕಥೆ ಕೇಳಿ ಮೇಜಿನೊಳಗಿನ ಹಳೆ ಪುಸ್ತಕ ತೆಗೆದು ತಿರುವಿದರು. ಆಮೇಲೆ ಒಂದು ನಂಬರು ಕೊಟ್ಟರು. ನಿವೃತ್ತ ನರ್ಸ್ ಒಬ್ಬರು. ಮನೆಯಲ್ಲಿ ಎರಡೇ ಹೆಣ್ಣು ನಾಯಿ, ಪ್ರತಿ ವರ್ಷ ಮರಿ ಹಾಕಿಸುವವರಲ್ಲ, ಕಂಡವರಿಗೆಲ್ಲ ಕೊಡುವವರೂ ಅಲ್ಲ.

ಫೋನ್ ಮಾಡಿದೆ. ಪೊಲೀಸ್ ಠಾಣೆಯಲ್ಲೂ ಇಷ್ಟು ವಿಚಾರಣೆ ಇರಲಿಕ್ಕಿಲ್ಲ. ಮನೆಯಲ್ಲಿ ಹಗಲು ಯಾರಿರುತ್ತಾರೆ, ಮೆಟ್ಟಿಲು ಎಷ್ಟು ಕಡಿದು, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ನೀವು ಊರಿಗೆ ಹೋದರೆ ಎಲ್ಲಿ ಬಿಡುತ್ತೀರಿ. "ಸಾಕೋಕೆ ಆಗಲ್ಲ ಅಂತಾದ್ರೆ ನನಗೇ ವಾಪಸ್ ತಂದು ಕೊಡ್ಬೇಕು, ಯಾವಾಗಾದ್ರೂ ಸರಿ" ಅಂದರು. ಎಲ್ಲದಕ್ಕೂ ಅಚ್ಚುಕಟ್ಟಾಗಿ ಉತ್ತರಿಸಿದೆ. ಫೋನ್ ಇಟ್ಟ ಮೇಲೆ ಎಷ್ಟು ನೆಮ್ಮದಿಯಾಯಿತು ಅಂದರೆ ಕಣ್ಣಲ್ಲಿ ನೀರು ಬಂತು. ಕೊನೆಗೂ ಒಬ್ಬರು ಪ್ರಶ್ನೆ ಕೇಳುವವರು ಸಿಕ್ಕಿದರು.

ಮಾರ್ಚ್ 30, ಭಾನುವಾರ

ಮರಿಗಳಿಗೆ ಇನ್ನೂ ಎಂಟು ವಾರ ತುಂಬಿಲ್ಲ, ಮುಂದಿನ ಭಾನುವಾರ ಬಂದು ನೋಡಿ ಅಂದಿದ್ದಾರೆ. ಅಣ್ಣನ ಸಂಭ್ರಮಕ್ಕೆ ಪಾರವಿಲ್ಲ. ಹಳೆ ಕಂಬಳಿ ಕತ್ತರಿಸಿ ಅಂಚು ಹೊಲಿದು ಮರಿಗೊಂದು ಹಾಸಿಗೆ ಮಾಡಿದೆ. ಒಳಗೆ ಚಿಂದಿ ತುಂಬಿ, ಒಗೆಯಲು ತೆಗೆಯುವ ಹಾಗೆ ಜಿಪ್ ಹಾಕಿದೆ. ಕೆಲಸ ಮುಗಿದ ಮೇಲೆ ನಾನೇ ಅದರ ಮೇಲೆ ಕೈ ಆಡಿಸಿ ನೋಡಿದೆ. ಮೆತ್ತಗಿದೆ.

ಏಪ್ರಿಲ್ 6, ಭಾನುವಾರ

ನರ್ಸಮ್ಮನ ಮನೆ ಆಸ್ಪತ್ರೆಯ ಹಾಗೆ ಚೊಕ್ಕ. ತಾಯಿ ನಾಯಿ ಅಡುಗೆಮನೆಯ ಮೂಲೆಯಲ್ಲಿ, ಅಗಲವಾದ ಮರದ ಪೆಟ್ಟಿಗೆಯಲ್ಲಿ ಮರಿಗಳ ಜೊತೆ ಮಲಗಿತ್ತು. ಕೇಳುವ ಮೊದಲೇ ತೋರಿಸಿದರು. ಕೈ ತೊಳೆಸಿ, ನೆಲದ ಮೇಲೆ ಕೂರಿಸಿ, ಒಂದು ಮರಿಯನ್ನು ಅಣ್ಣನ ಕೈಗಿತ್ತರು. ಬಿಳಿ ಮೈ, ಒಂದು ಕಿವಿ ಮಾತ್ರ ಕಪ್ಪು. ಅಣ್ಣ ಅದರ ಹೊಟ್ಟೆಗೆ ಮೂಗು ಒತ್ತಿ ವಾಸನೆ ನೋಡಿದ.

ನಾವು ಮಾತಾಡುತ್ತಲೇ ಇದ್ದೆವು. ಅವರು ಕೇಳುವುದು, ನಾನು ಹೇಳುವುದು. ಕೊನೆಗೆ ಕೇಳಿದರು.

"ಹಿಂದೆ ಒಂದು ಇತ್ತು ಅಂದ್ರಲ್ಲ. ಆ ನಾಯಿ ಏನಾಯ್ತು?"

"ಬೆಲ್ಟ್ ಕಿತ್ಕೊಂಡು ಓಡಿಹೋಯ್ತು" ಅಂದೆ.

"ಓಡಿಹೋಗ್ಲಿಲ್ಲ" ಅಂದ ಅಣ್ಣ. ಮರಿಯಿಂದ ತಲೆ ಎತ್ತಲಿಲ್ಲ. "ಅಂಗಡಿ ಮುಂದೆ ಕಟ್ಟಿ ಬ್ಲೇಡ್ ತಗೊಳ್ಳೋಕೆ ಒಳಗೆ ಹೋದೆ. ಆಚೆ ಬಂದು ಸ್ವಲ್ಪ ದೂರ ನಡೆದ ಮೇಲೆ ಕೈ ಖಾಲಿ ಇದೆ ಅಂತ ಗೊತ್ತಾಯ್ತು. ಆದ್ರೆ ಯಾವ ಅಂಗಡಿ ಅಂತ ನೆನಪಾಗ್ಲಿಲ್ಲ. ಎಲ್ಲ ಬಾಗಿಲೂ ಒಂದೇ ಥರ ಇತ್ತು. ಬಹಳ ಹುಡುಕಿದೆ. ಅದು ಕೂಗಿದ್ರೆ ಗೊತ್ತಾಗ್ತಿತ್ತು. ಮೋಟ ಕೂಗೋದಿಲ್ಲ, ಕಟ್ಟಿದ್ರೆ ಸುಮ್ನೆ ಕಾಯುತ್ತೆ."

ಅವನು ಹೇಳಿದ್ದು ಯಾರಿಗೋ ದಾರಿ ಹೇಳುವವನ ಹಾಗೆ ಇತ್ತು.

ನರ್ಸಮ್ಮ ಸ್ವಲ್ಪವೂ ಗಾಬರಿಯಾಗಲಿಲ್ಲ. ಅವನ ಎದುರು ಬಂದು ಕೂತು ಮೆಲ್ಲಗೆ ಕೇಳಿದರು. "ಇವತ್ತು ನಮ್ಮನೆಗೆ ಹೇಗೆ ಬಂದ್ರಿ?"

ಅಣ್ಣ ನನ್ನ ಮುಖ ನೋಡಿದ. ನಾನು ಉತ್ತರ ಹೇಳಿಕೊಡಲಿ ಅಂತ ಕಾಯುತ್ತಿದ್ದ. ನಾನು ಬಾಯಿ ತೆರೆದೆ, ನರ್ಸಮ್ಮ ಕೈ ಅಡ್ಡ ಹಿಡಿದರು. ಅಣ್ಣ ನಕ್ಕು, "ನಮ್ಮ ಸೂಜಿಗೆ ಎಲ್ಲ ಗೊತ್ತು" ಅಂದ.

ಹೊರಡುವಾಗ ಗೇಟಿನ ಹತ್ತಿರ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು.

"ಮರಿ ಕೊಡಲ್ಲಮ್ಮ. ಹಗಲೆಲ್ಲ ಅವರೊಬ್ರೇ ಇರೋದು ಅಂದ್ರಿ. ಕೊಟ್ರೆ ಮರಿಗೂ ಅನ್ಯಾಯ, ಅವರಿಗೂ ಅನ್ಯಾಯ. ನೀವು ಮೊದ್ಲು ಇವರನ್ನ ಡಾಕ್ಟರಿಗೆ ತೋರ್ಸಿ. ನೀವು ತಿಳ್ಕೊಂಡಿರೋ ಥರ ಇದು ಬೇಜಾರಲ್ಲ."

ಏಪ್ರಿಲ್ 7, ಸೋಮವಾರ

ನರ್ಸಂತೆ. ಒಂದು ಮಾತಿಗೆ ಮನುಷ್ಯನಿಗೆ ರೋಗ ಅಂಟಿಸುವವಳು. ವಯಸ್ಸಾದ ಮೇಲೆ ಯಾರು ಮರೆಯುವುದಿಲ್ಲ? ನಾನು ಇವತ್ತು ಬೆಳಗ್ಗೆ ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದೆ. ನನ್ನನ್ನೂ ಡಾಕ್ಟರಿಗೆ ತೋರಿಸುತ್ತಾಳಾ? ಮರಿ ಕೊಡಲು ಮನಸ್ಸಿಲ್ಲ, ಅದಕ್ಕೊಂದು ನೆವ.

ಏಪ್ರಿಲ್ 8, ಮಂಗಳವಾರ

ಅಣ್ಣ ಸ್ನಾನ ಮಾಡಿ ಬಂದ. ಸ್ವಲ್ಪ ಹೊತ್ತಿಗೆ ಟವೆಲ್ ಹಿಡಿದು ಮತ್ತೆ ಸ್ನಾನಕ್ಕೆ ಹೊರಟ.

ಏಪ್ರಿಲ್ 13, ಭಾನುವಾರ

ಅವನನ್ನು ಚಪ್ಪಲಿ ಹೊಲಿಯುವವನ ಹತ್ತಿರ ಕೂರಿಸಿ ಒಬ್ಬಳೇ ಹೋದೆ. ಬ್ಲೇಡ್ ಸಿಗುವ ಅಂಗಡಿ ಇರುವ ಬೀದಿಗಳನ್ನೆಲ್ಲ ಹುಡುಕಿದೆ. ಬಾಗಿಲುಗಳು ನಿಜವಾಗಿಯೂ ಒಂದೇ ಥರ. ನೀಲಿ ಶಟರು, ಮುಂದೆ ಮೂರು ಮೆಟ್ಟಿಲು. ಈವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ.

ಕೀಲಿ ಮಾಡುವ ಅಂಗಡಿಯ ಹೆಂಗಸು ನೆನಪಿಸಿಕೊಂಡಳು.

"ಸಣ್ಣ ನಾಯಿ, ಬಾಲ ಇಲ್ಲ, ಅಲ್ವಾ? ಪಕ್ಕದ ಅಂಗಡಿ ಸರಳಿಗೆ ಕಟ್ಟಿತ್ತು. ನಾನು ಬಾಗಿಲು ಹಾಕೋವರೆಗೂ ಇತ್ತು. ಜೋರು ಮಳೆ ಬಂತು ಅವತ್ತು. ನೀರಿಟ್ಟೆ, ಕುಡೀಲಿಲ್ಲ. ಬಂದೋರ ಕಡೆಯೆಲ್ಲ ನೋಡೋದು, ಮತ್ತೆ ಕೂತ್ಕೊಳ್ಳೋದು. ಬೆಳಗ್ಗೆ ಬಂದಾಗ ಇರ್ಲಿಲ್ಲ. ಮಾಲೀಕರು ಬಿಚ್ಕೊಂಡು ಹೋದ್ರು ಅಂದ್ಕೊಂಡೆ."

ಆ ಸರಳನ್ನು ಮುಟ್ಟಿ ನೋಡಿದೆ. ತುಕ್ಕು ಕೈಗೆ ಅಂಟಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ನಾಯಿಗಾಗಿ ಅತ್ತೆನೋ ಅಣ್ಣನಿಗಾಗಿ ಅತ್ತೆನೋ ಗೊತ್ತಿಲ್ಲ, ಆ ಹೆಂಗಸು ಮೋಟನಿಗೆ ಇಟ್ಟ ಹಾಗೆ ನನಗೂ ಒಂದು ಲೋಟ ನೀರು ತಂದಿಟ್ಟಳು.

ಅಣ್ಣನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಏಪ್ರಿಲ್ 24, ಗುರುವಾರ

ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಗಡಿಯಾರದ ಚಿತ್ರ ಬರೆಯಿರಿ ಅಂದರು. ಅಣ್ಣ ದುಂಡಗೆ ಚೆನ್ನಾಗಿ ವೃತ್ತ ಬರೆದ. ಅಂಕಿಗಳನ್ನೆಲ್ಲ ಒಂದೇ ಪಕ್ಕಕ್ಕೆ ಒತ್ತರಿಸಿ ಬರೆದು, ಪೆನ್ನು ಕೆಳಗಿಟ್ಟು, ಮುಗಿಯಿತು ಅಂದ. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು.

"ವಾಸಿ ಆಗೋದಿಲ್ಲ. ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡ್ಬಹುದು, ಅಷ್ಟೆ."

ಹೋದ ವರ್ಷವೇ ಶುರುವಾಗಿರಬೇಕಂತೆ. ಒಂದೇ ಮನೆಯಲ್ಲಿದ್ದೆ. ಊರಿನವರ ಸೊಂಟ ಒಂದು ಬೆರಳು ಇಳಿದರೂ ಕಂಡುಹಿಡಿಯುವವಳು.

ಅಂಗಡಿಗೆ ಬೀಗ ಹಾಕಿದೆವು. ಕತ್ತಿಗಳನ್ನು ಮನೆಗೆ ತಂದು ಕಪಾಟಿನ ಮೇಲೆ ಬಚ್ಚಿಟ್ಟೆ. ನನ್ನ ಬಟ್ಟೆ ಅಂಗಡಿಯ ಯಜಮಾನರು ಒಳ್ಳೆಯವರು, ಹೊಲಿಗೆಯನ್ನು ಮನೆಯಲ್ಲೇ ಮಾಡಲು ಒಪ್ಪಿದರು.

ಮೇ 11, ಭಾನುವಾರ

ಬರೆಯದೆ ಎಷ್ಟೋ ದಿನವಾಯಿತು. ಬರೆಯಲು ಏನಿದೆ. ಏಳುವುದು, ಮಾತ್ರೆ ಕೊಡುವುದು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದು, ಹೊಲಿಯುವುದು. ಬೆಳಗ್ಗೆ ಎದ್ದ ಕೂಡಲೇ ಅಣ್ಣ ಕೇಳುತ್ತಾನೆ.

"ಸೂಜಿ, ಮರಿ ಯಾವಾಗ ತರೋಣ?"

ಮೊದಮೊದಲು ನಿಜ ಹೇಳಿದೆ. ಕೊಡುವುದಿಲ್ಲ ಅಂದರು ಅಂದೆ. ಅವನ ಮುಖ ಬಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮರೆತು ಮತ್ತೆ ಕೇಳುತ್ತಿದ್ದ, ಮತ್ತೆ ಬಾಡುತ್ತಿದ್ದ. ಒಂದೇ ಪೆಟ್ಟನ್ನು ಒಬ್ಬನಿಗೆ ಎಷ್ಟು ಸಲ ಕೊಡುವುದು? ಈಗ "ಇನ್ನೂ ಕಣ್ಣು ಬಿಟ್ಟಿಲ್ಲ, ಕಣ್ಣು ಬಿಟ್ಟ ಮೇಲೆ ಕೊಡ್ತಾರೆ" ಅನ್ನುತ್ತೇನೆ. "ಹೌದೌದು, ಅವಸರ ಮಾಡ್ಬಾರ್ದು" ಅಂತ ಖುಷಿಯಾಗಿ ಹಲ್ಲುಜ್ಜಲು ಹೋಗುತ್ತಾನೆ. ಆ ಮರಿ ಮಾರುವವರಿಗಿಂತ ಚೆನ್ನಾಗಿ ಸುಳ್ಳು ಹೇಳಲು ಕಲಿತಿದ್ದೇನೆ.

ಇವತ್ತು ತಾಳಲಾಗಲಿಲ್ಲ. ಅವನನ್ನೂ ಕರೆದುಕೊಂಡು ಮೂರನೇ ಮಹಡಿಯ ಉಂಗುರದವನ ಮನೆಗೆ ಹೋದೆ. ಎಲ್ಲಿಯದಾದರೇನು, ಹೇಗಿದ್ದರೇನು, ಒಂದು ಮರಿ ಅಂದುಕೊಂಡೆ. ಅವನು ಬಚ್ಚಲುಮನೆಯಿಂದ ಒಂದನ್ನು ಎತ್ತಿ ತಂದು ನನ್ನ ಕೈಗಿತ್ತ. ಒಂದು ಹಿಡಿಯಷ್ಟಿತ್ತು. ಅಣ್ಣ ಆಗಲೇ ಬಾಗಿಲಿಂದ ಹೊರಗೆ ನಡೆದು ಪಕ್ಕದ ಮನೆಯ ಗಂಟೆ ಒತ್ತುತ್ತಿದ್ದ. ಉಂಗುರದವನು ಅದನ್ನು ನೋಡಿದ. ನೋಡಿಯೂ, "ಡಬ್ಬದಲ್ಲಿ ಹಾಕಿ ಕೊಡ್ಲಾ?" ಅಂದ.

ಕೇಳಲಿ ಅಂತ ಕಾದೆ. ಈ ಮನುಷ್ಯನಿಗೆ ಏನಾಗಿದೆ, ಮರಿಯನ್ನು ಯಾರು ನೋಡಿಕೊಳ್ಳುತ್ತಾರೆ, ಹಿಂದಿನ ನಾಯಿ ಏನಾಯ್ತು, ಯಾವುದಾದರೊಂದು ಕೇಳಲಿ ಅಂತ. ಅವನು ಡಬ್ಬ ಹುಡುಕುತ್ತಿದ್ದ. ಮರಿಯ ಹೊಟ್ಟೆ ನನ್ನ ಅಂಗೈಯಲ್ಲಿ ಬಿಸಿಯಾಗಿ ಏರಿಳಿಯುತ್ತಿತ್ತು. ನೆಲದ ಮೇಲೆ ಇಟ್ಟು ಬಂದೆ.

ಜೂನ್ 8, ಭಾನುವಾರ

ನರ್ಸಮ್ಮ ಫೋನ್ ಮಾಡಿದ್ದರು. ಡಾಕ್ಟರಿಗೆ ತೋರಿಸಿದಿರಾ ಅಂತ ಕೇಳಿದರು. ತೋರಿಸಿದೆ ಅಂದೆ. "ಮರಿಗಳೆಲ್ಲ ಮನೆ ಸೇರಿದ್ವು. ತಾಯಿಗೆ ಮೈಯೆಲ್ಲ ಗಂಟುಗಂಟು. ಅವರು ಕ್ಷೌರದೋರಲ್ವಾ, ಕರ್ಕೊಂಡು ಬನ್ನಿ" ಅಂದರು.

ಹೋದೆವು. ಬಾಚಣಿಗೆ ಕೊಟ್ಟದ್ದೇ ತಡ, ಅಣ್ಣ ತೋಳು ಮಡಿಚಿ ಕೂತ. ಟವೆಲ್ಲನ್ನು ನಾಯಿಯ ಕತ್ತಿಗೆ ಸುತ್ತಿ ಸಿಕ್ಕಿಸಿದ. ಕಿವಿಯ ಹಿಂದೆ, ಕಂಕುಳಲ್ಲಿ, ಬಾಲದ ಬುಡದಲ್ಲಿ, ಒಂದು ಕೂದಲೂ ನೋಯದ ಹಾಗೆ ಗಂಟು ಬಿಡಿಸಿದ. ಆ ಕೈಗಳಿಗೆ ಏನೂ ಆಗಿರಲಿಲ್ಲ. ಕೆಲಸ ಮುಗಿದ ಮೇಲೆ ಕನ್ನಡಿ ಹಿಡ್ಕೊಳ್ಳಿ ಅಂತ ನಾಯಿಗೆ ಹೇಳಿದ. ನಾವಿಬ್ಬರೂ ನಕ್ಕೆವು, ಅವನೂ ನಕ್ಕ. ನರ್ಸಮ್ಮ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮನೆಗೆ ಬಂದಾಗ ನನ್ನ ಬಟ್ಟೆಯ ತುಂಬ ಕೂದಲು. ಹಾಗೇ ಕೂತು ಹೊಲಿದೆ.

ಜೂನ್ 29, ಭಾನುವಾರ

ನರ್ಸಮ್ಮನ ಮನೆಗೆ ಹೋಗಲು ಅಣ್ಣ ಒಪ್ಪಲಿಲ್ಲ. ಬಸ್ಸು ನೋಡಿ ಹೆದರಿಕೊಂಡು ನನ್ನ ಕೈ ಕೊಡವಿದ. ಕತ್ತಲಾಗುವ ಮೊದಲೇ ಮಲಗಿದ.

ಜುಲೈ 16, ಬುಧವಾರ

ಅಣ್ಣನ ಪ್ಯಾಂಟಿನಲ್ಲಿ ಇನ್ನು ಒಳಗೆ ಹಿಡಿಯಲು ಬಟ್ಟೆ ಉಳಿದಿಲ್ಲ. ಲಾಡಿ ಹಾಕಿ ಪಾಯಿಜಾಮ ಹೊಲಿದೆ.

ಆಗಸ್ಟ್ 3, ಭಾನುವಾರ

ಅಣ್ಣ ಇವತ್ತು ಬೆಳಗ್ಗೆ ಮರಿಯ ವಿಷಯ ಕೇಳಲಿಲ್ಲ. ಮರೆತಿರಬೇಕು, ತಿಂಡಿಯಾದ ಮೇಲೆ ಕೇಳುತ್ತಾನೆ ಅಂದುಕೊಂಡೆ. ಕೇಳಲಿಲ್ಲ. ಮಧ್ಯಾಹ್ನ ಮೆಷಿನ್ ನಿಲ್ಲಿಸಿ ಅವನ ಬಾಯನ್ನೇ ನೋಡುತ್ತಾ ಕೂತೆ. ದಿನಾ ಕೇಳಿ ಕೇಳಿ ತಲೆ ತಿನ್ನುತ್ತಾನೆ ಅಂತ ಎಷ್ಟು ಸಲ ಅಂದಿದ್ದೆ, ಇವತ್ತು ಕೇಳು ಕೇಳು ಅಂತ ಒಳಗೇ ಬೇಡಿಕೊಳ್ಳುತ್ತಿದ್ದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಸಂಜೆ ನಾನೇ ಹತ್ತಿರ ಹೋಗಿ ಕೂತೆ. ಅವನು ಸರಿದು ನನಗೆ ಜಾಗ ಮಾಡಿಕೊಟ್ಟ.

"ಒಂದು ನಾಯಿಮರಿ ತರೋಣ್ವಾ?" ಅಂದೆ.

ಅವನ ಕಣ್ಣು ಅರಳಿತು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ ದನಿ ತಗ್ಗಿಸಿದ.

"ನನಗೇನೋ ಆಸೆ ಇದೆ. ಆದ್ರೆ ನನ್ನ ತಂಗಿನ ಕೇಳ್ಬೇಕು ನೋಡಿ. ಅವಳಿಗೆ ನಾಯಿ ಅಂದ್ರೆ ಆಗಲ್ಲ. ಕೆಲ್ಸಕ್ಕೆ ಹೋಗಿದ್ದಾಳೆ, ಇನ್ನೇನು ಬರ್ತಾಳೆ. ನೀವು ಕೂತಿರಿ."

"ಕೇಳಿ ನೋಡಿ" ಅಂದೆ. "ಒಪ್ಪಬಹುದು."